ಕಾಲು ಸುತ್ತು, ಮತ್ತೆ ಕಾಲು ಸುತ್ತು: ಕ್ಯಾಮ್‌ಶಾಫ್ಟ್ ಬಿಚ್ಚಿ ಕೂರಿಸುವ ಬಗೆ

(ದಾವಣಗೆರೆಯಲ್ಲಿ ಗ್ಯಾರೇಜ್ ಕೆಲಸಗಾರರು ಮತ್ತು ಐಟಿಐ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲುಗಳಲ್ಲಿ ಐಟಿಐ ಮಕ್ಕಳು ಕೂತಿದ್ದೀರಿ. ಹಿಂದೆ ಗೋಡೆಗೆ ಒರಗಿ ನಿಂತವರಲ್ಲಿ ಪಿ.ಬಿ. ರಸ್ತೆಯ, ಹದಡಿ ರಸ್ತೆಯ ಮೇಸ್ತ್ರಿಗಳಿದ್ದಾರೆ. ಅವರಲ್ಲಿ ಇಬ್ಬರು ಮೂವರು ನನಗಿಂತ ಮೊದಲೇ ಸ್ಪ್ಯಾನರ್ ಹಿಡಿದವರು. ಅವರಿಗೆ ಗೊತ್ತಿರುವುದನ್ನೇ ಇವತ್ತು ಹೇಳಲಿದ್ದೇನೆ. ಆದರೂ ಹೇಳಬೇಕು, ಯಾಕೆಂದರೆ ಈ ಕೆಲಸದಲ್ಲಿ ಗೊತ್ತಿದ್ದವರ ಕೈಯಲ್ಲೇ ಹೆಡ್, ಅಂದರೆ ಇಂಜಿನ್ನಿನ ಮೇಲ್ಭಾಗ, ಹಾಳಾದದ್ದನ್ನು ನೋಡಿದ್ದೇನೆ. ನನ್ನ ಕೈಯಲ್ಲೂ ಆಗಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಕ್ಯಾಮ್‌ಶಾಫ್ಟ್ ಗಟ್ಟಿ ಸಾಮಾನು, ಮೈಮೇಲಿನ ಉಬ್ಬುಗಳಿಂದ ಇಂಜಿನ್ನಿನ ಗಾಳಿ, ಹೊಗೆಯ ಬಾಗಿಲುಗಳಾದ ವಾಲ್ವುಗಳನ್ನು ಒತ್ತಿ ತೆರೆಯುವ ಶಾಫ್ಟು. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿದರೆ ಗಾಡಿ ಇರುವಷ್ಟು ದಿನವೂ ಅದು ಇರುತ್ತದೆ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿ ಏನೂ ಆಗದ ಶಾಫ್ಟ್ ಬಿಚ್ಚುವ ಹತ್ತು ನಿಮಿಷದಲ್ಲಿ ಕೆಡುತ್ತದೆ, ಇಲ್ಲವೇ ಕೂರಿಸುವ ಹತ್ತು ನಿಮಿಷದಲ್ಲಿ. ಇವತ್ತಿನ ನನ್ನ ಮಾತೆಲ್ಲ ಆ ಇಪ್ಪತ್ತು ನಿಮಿಷದ್ದು.

ಮೊದಲು ನಮ್ಮೂರಿನ ಮಗ್ಗದ ಸುದ್ದಿ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದ ಕಾಲದಲ್ಲಿ ನಮ್ಮಪ್ಪ ಇಲ್ಲಿಯ ಹತ್ತಿ ಮಿಲ್ಲೊಂದರಲ್ಲಿ ಜಾಬರ್ ಆಗಿದ್ದರು. ಮಗ್ಗ ಕೆಟ್ಟರೆ ಸರಿ ಮಾಡಿ ಮತ್ತೆ ಓಡಿಸುವ ಕೆಲಸ. ನಾನು ಗ್ಯಾರೇಜಿಗೆ ಸೇರಿದ ಮೊದಲ ವರ್ಷ ಮನೆಗೆ ಬಂದು, ಇಂಜಿನ್ ಒಳಗೆ ಎರಡು ಶಾಫ್ಟ್ ಇರುತ್ತವೆ, ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದೇ ಸುತ್ತು ಬರುತ್ತದೆ ಅಂತ ದೊಡ್ಡದಾಗಿ ಹೇಳಿದೆ. ಅಪ್ಪ ಊಟ ಮಾಡುತ್ತಲೇ, "ನಮ್ಮ ಮಗ್ಗದಾಗೂ ಹಂಗೇ ಐತಲ್ಲಪ್ಪ" ಅಂದರು.

ನಿಜ. ಪವರ್‌ಲೂಮಿನಲ್ಲಿ ಮೇಲೊಂದು ಕ್ರ್ಯಾಂಕ್ ಶಾಫ್ಟ್, ಕೆಳಗೊಂದು ಬಾಟಮ್ ಶಾಫ್ಟ್. ಕ್ರ್ಯಾಂಕ್ ಒಂದು ಸುತ್ತು ಬಂದರೆ ಹಣಿಗೆ ಒಂದು ಸಲ ಹೊಡೆಯುತ್ತದೆ, ಒಂದು ಹೊಕ್ಕು ಕೂರುತ್ತದೆ. ಬಾಟಮ್ ಶಾಫ್ಟ್ ಅದರ ಅರ್ಧ ವೇಗದಲ್ಲಿ ತಿರುಗುತ್ತದೆ. ಸಾದಾ ನೇಯ್ಗೆಯಲ್ಲಿ ಅದರ ಮೇಲಿನ ಟ್ಯಾಪೆಟ್‌ಗಳು ಹಾಸಿನ ಅರ್ಧ ನೂಲನ್ನು ಮೇಲಕ್ಕೆ, ಅರ್ಧವನ್ನು ಕೆಳಕ್ಕೆ ಮಾಡುತ್ತವೆ, ಮುಂದಿನ ಹೊಕ್ಕಿಗೆ ಅದಲು ಬದಲು ಮಾಡುತ್ತವೆ. ಮಗ್ಗದವರೂ ಟ್ಯಾಪೆಟ್ ಅನ್ನುತ್ತಾರೆ, ಕ್ಯಾಮಿಗೂ ವಾಲ್ವಿಗೂ ನಡುವೆ ಕೂರುವ ಸಾಮಾನಿಗೆ ನಾವೂ ಟ್ಯಾಪೆಟ್ ಅನ್ನುತ್ತೇವೆ. ಹಾಸು ಬಾಯಿ ಬಿಡುವ ಮೊದಲೇ ಲಾಳಿ ನುಗ್ಗಿದರೆ ನೂಲು ಹರಿಯುತ್ತದೆ. ವಾಲ್ವ್ ಮುಚ್ಚುವ ಮೊದಲೇ ಪಿಸ್ಟನ್ ಮೇಲೆ ಬಂದರೆ ವಾಲ್ವ್ ಬಾಗುತ್ತದೆ. ಹರಿದ ನೂಲಿಗೆ ಗಂಟು ಹಾಕಬಹುದು, ಬಾಗಿದ ವಾಲ್ವನ್ನು ಎಸೆಯಲೇಬೇಕು. ಅಷ್ಟೇ ವ್ಯತ್ಯಾಸ.

ಇಂಜಿನ್ನಿನ ಲೆಕ್ಕ ನೋಡಿ. ಎಳೆಯುವುದು, ಒತ್ತುವುದು, ಉರಿಯುವುದು, ಹೊಗೆ ಬಿಡುವುದು ಅಂತ ನಾಲ್ಕು ಸ್ಟ್ರೋಕ್. ನಾಲ್ಕು ಸ್ಟ್ರೋಕಿಗೆ ಕ್ರ್ಯಾಂಕ್ ಎರಡು ಸುತ್ತು ಬರುತ್ತದೆ. ಆ ಎರಡು ಸುತ್ತಿನಲ್ಲಿ ಪ್ರತಿ ವಾಲ್ವ್ ಒಂದೇ ಸಲ ತೆರೆಯಬೇಕು. ಅದಕ್ಕೇ ಕ್ಯಾಮಿಗೆ ಒಂದು ಸುತ್ತು, ಅದಕ್ಕೇ ಕ್ಯಾಮ್ ಸ್ಪ್ರಾಕೆಟ್ಟಿನಲ್ಲಿ ಕ್ರ್ಯಾಂಕಿನ ಎರಡರಷ್ಟು ಹಲ್ಲು. ಗಾಡಿ 3000 ಆರ್‌ಪಿಎಂನಲ್ಲಿ ಹರಿಹರದ ಕಡೆ ಹೋಗುತ್ತಿದೆ ಅನ್ನಿ. ಕ್ಯಾಮ್ ನಿಮಿಷಕ್ಕೆ 1500 ಸುತ್ತು ಬರುತ್ತಿರುತ್ತದೆ, ಅಂದರೆ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತಿರುತ್ತದೆ. ಇಷ್ಟು ವೇಗದಲ್ಲಿ ನಡೆಯುವ ಕೆಲಸಕ್ಕೆ ನಾವು ಗುರುತು ಹಾಕುವುದು ಒಂದು ಚುಕ್ಕಿ ಪೇಂಟಿನಿಂದ. ಆ ಚುಕ್ಕಿಯ ಬೆಲೆ ಇದರಿಂದ ತಿಳಿಯುತ್ತದೆ.

ಒಂದು ಹಲ್ಲು ಆಚೀಚೆ ಆದರೆ ಏನಾಗುತ್ತದೆ ಅಂತ ಹುಡುಗರು ಕೇಳುತ್ತಾರೆ. ಸ್ಪ್ರಾಕೆಟ್ಟಿಗೆ 40 ಹಲ್ಲಿದ್ದರೆ ಒಂದು ಹಲ್ಲು ಅಂದರೆ ಕ್ಯಾಮಿನ ಲೆಕ್ಕದಲ್ಲಿ 9 ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ 18 ಡಿಗ್ರಿ. ಗಾಡಿ ಸ್ಟಾರ್ಟ್ ಆಗಲೂಬಹುದು. ಎಳೆತ ಇರುವುದಿಲ್ಲ, ಐಡ್ಲಿಂಗ್ ಕುಣಿಯುತ್ತದೆ, ಈಗಿನ ಗಾಡಿಗಳಲ್ಲಿ ಪಿ0016 ಅಂತ ಕೋಡ್ ಬರುತ್ತದೆ, ಅಂದರೆ ಕ್ರ್ಯಾಂಕಿಗೂ ಕ್ಯಾಮಿಗೂ ತಾಳ ಕೂಡುತ್ತಿಲ್ಲ ಅಂತ. ಆಗ ಸೆನ್ಸರ್ ಬದಲಿಸುತ್ತಾ ಕೂರಬೇಡಿ. ಮೊದಲು ಟೈಮಿಂಗ್ ಗುರುತು ನೋಡಿ.

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಬಿಚ್ಚಿದ ಹಿರಿಯರಿಗೆ ಕ್ಯಾಮ್ ಅಂದರೆ ಬ್ಲಾಕಿನ ಹೊಟ್ಟೆಯೊಳಗಿನ ಸಾಮಾನು. ಅಲ್ಲಿಂದ ಪುಶ್ ರಾಡ್ ಅನ್ನುವ ಉದ್ದ ಕಡ್ಡಿ ಮೇಲೆ ಹೋಗಿ, ವಾಲ್ವ್ ಒತ್ತುವ ರಾಕರನ್ನು ಎತ್ತುತ್ತಿತ್ತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ 796 ಸಿಸಿ, ಮೂರು ಸಿಲಿಂಡರಿನ ಇಂಜಿನ್ನಿನಲ್ಲಿ ಕ್ಯಾಮ್ ಹೆಡ್ಡಿನ ಮೇಲಿತ್ತು, ಬೆಲ್ಟ್ ತಿರುಗಿಸುತ್ತಿತ್ತು. ನಾನು ಕೆಲಸ ಕಲಿತದ್ದು ಅದರ ಮೇಲೆ. ಈಗ ಹೆಚ್ಚಿನ ಗಾಡಿಗಳಲ್ಲಿ ಎರಡು ಕ್ಯಾಮ್, ಒಂದು ಇನ್‌ಟೇಕಿಗೆ, ಒಂದು ಎಕ್ಸಾಸ್ಟಿಗೆ. ಸ್ವಿಫ್ಟ್‌ನಿಂದ ಹಿಡಿದು ಎಷ್ಟೋ ಗಾಡಿಗಳಲ್ಲಿ ಕೂತ 1248 ಸಿಸಿ ಮಲ್ಟಿಜೆಟ್ ಡೀಸೆಲ್ ಇದೆಯಲ್ಲ, ಅದರಲ್ಲಿ ಒಂದು ಕ್ಯಾಮನ್ನು ಚೈನ್ ತಿರುಗಿಸುತ್ತದೆ, ಆ ಕ್ಯಾಮ್ ಇನ್ನೊಂದನ್ನು ಗೇರಿನಿಂದ ತಿರುಗಿಸುತ್ತದೆ. ಅದಕ್ಕೆ ಲಾಕಿಂಗ್ ಪಿನ್ ಇಲ್ಲದೆ ಕೈ ಹಾಕಬಾರದು.

ಇನ್ನು ಕ್ಯಾಮ್ ಬಿಚ್ಚುವ ಪ್ರಸಂಗ ಯಾವಾಗ ಬರುತ್ತದೆ? ಬಕೆಟ್ ಟ್ಯಾಪೆಟ್ ಇರುವ ಹೆಡ್ಡಿನಲ್ಲಿ ಕ್ಲಿಯರೆನ್ಸ್ (ಕ್ಯಾಮಿಗೂ ಟ್ಯಾಪೆಟ್ಟಿಗೂ ನಡುವಿನ ಗ್ಯಾಪ್) ಸರಿಪಡಿಸಲು ಟ್ಯಾಪೆಟ್ಟನ್ನೋ, ಶಿಮ್ ಅನ್ನುವ ತೆಳು ಬಿಲ್ಲೆಯನ್ನೋ ಬದಲಿಸಬೇಕಾದಾಗ. ಹೆಡ್ ಇಳಿಸುವಾಗ, ಎಷ್ಟೋ ಇಂಜಿನ್ನುಗಳಲ್ಲಿ ಹೆಡ್ ಬೋಲ್ಟ್ ಕ್ಯಾಮಿನ ಅಡಿಯಲ್ಲೇ ಇರುವುದರಿಂದ. ವಾಲ್ವ್ ಸೀಲ್ ಹೋಗಿ ನೀಲಿ ಹೊಗೆ ಬಂದಾಗ. ಎಲ್‌ಪಿಜಿ, ಸಿಎನ್‌ಜಿ ಓಡಿಸಿದ ಗಾಡಿಗಳಲ್ಲಿ ವಾಲ್ವ್ ತನ್ನ ಸೀಟಿನೊಳಗೆ ಇಳಿದು ಟ್ಯಾಪೆಟ್ ಗ್ಯಾಪ್ ಬಿಗಿಯಾಗಿರುತ್ತದೆ, ಅವು ಈಗ ಹೆಚ್ಚಾಗಿ ಬರುತ್ತಿವೆ. ಗ್ಯಾಪ್ ಹೆಚ್ಚಾದರೆ ಟಕ ಟಕ ಅಂತ ಕೂಗಿ ಹೇಳುತ್ತದೆ. ಗ್ಯಾಪ್ ಬಿಗಿಯಾದರೆ ಸದ್ದೇ ಇಲ್ಲ, ವಾಲ್ವ್ ಒಳಗೊಳಗೇ ಸುಡುತ್ತದೆ. ಸದ್ದು ಮಾಡದ ಗಾಡಿ ಚೆನ್ನಾಗಿದೆ ಅಂತ ತಿಳಿಯಬೇಡಿ, ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಹಾಕಿ ನೋಡಿ.

ಕೆಲಸಕ್ಕೆ ಬರೋಣ. ಇಂಜಿನ್ ತಣ್ಣಗಿರಬೇಕು. ಬ್ಯಾಟರಿಯ ಮೈನಸ್ ತೆಗೆಯಿರಿ. ಕವರ್ ಬಿಚ್ಚುವ ಮೊದಲು ಸುತ್ತಲಿನ ದೂಳು ಊದಿ. ನಮ್ಮ ಕಡೆ ಮೆಕ್ಕೆಜೋಳ ಒಕ್ಕುವ ದಿನಗಳಲ್ಲಿ ಬಾನೆಟ್ ಎತ್ತಿದರೆ ಇಂಜಿನ್ ಮೇಲೆಲ್ಲ ಹೊಟ್ಟು ಕೂತಿರುತ್ತದೆ. ಕವರ್ ತೆಗೆದ ಮೇಲೆ ಊದಿದರೆ ಅದೆಲ್ಲ ಕ್ಯಾಮಿನ ಮೇಲೇ ಬೀಳುತ್ತದೆ. ಆಮೇಲೆ ಕಾಯಿಲ್, ವೈರಿಂಗ್, ಬ್ರೀದರ್ ಪೈಪು, ವಾಲ್ವ್ ಕವರ್. ಒಂದೊಂದಕ್ಕೂ ಮೊಬೈಲಿನಲ್ಲಿ ಫೋಟೋ ಹೊಡೆದುಕೊಳ್ಳಿ. ಹಳಬರು ಇದನ್ನು ನೋಡಿ ಮುಖ ಸಿಂಡರಿಸುತ್ತಾರೆ, ಆದರೆ ನಮ್ಮ ಕಾಲದಲ್ಲಿ ಈ ಸೌಲಭ್ಯ ಇದ್ದಿದ್ದರೆ ನಾವೂ ಹೊಡೆದುಕೊಳ್ಳುತ್ತಿದ್ದೆವು. ಪ್ಲಗ್ ಬಿಚ್ಚಿಡಿ, ಕ್ರ್ಯಾಂಕ್ ಹಗುರಾಗಿ ತಿರುಗುತ್ತದೆ, ಎಲ್ಲಿ ತಡೆಯುತ್ತದೆ ಅಂತ ಕೈಗೆ ತಿಳಿಯುತ್ತದೆ.

ಈಗ ಕ್ರ್ಯಾಂಕ್ ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಇಂಜಿನ್ ಓಡುವ ದಿಕ್ಕಿಗೇ ತಿರುಗಿಸಿ, ಒಂದನೇ ಸಿಲಿಂಡರನ್ನು ಟಾಪಿಗೆ ತನ್ನಿ, ಅಂದರೆ ಅದರ ಪಿಸ್ಟನ್ ತೀರಾ ಮೇಲಕ್ಕೆ ಬರಲಿ. ಹೊಸಬರು ಎಡವುವುದು ಇಲ್ಲಿ. ಪುಲ್ಲಿಯ ಗುರುತು ಸೊನ್ನೆಗೆ ಬಂದ ಕೂಡಲೇ ಟಾಪಿಗೆ ಬಂತು ಅಂದುಬಿಡುತ್ತಾರೆ. ಎರಡು ಸುತ್ತಿನಲ್ಲಿ ಅದು ಸೊನ್ನೆಗೆ ಎರಡು ಸಲ ಬರುತ್ತದಲ್ಲ! ಒಂದು ಸಲ ಕಂಪ್ರೆಶನ್ ಮುಗಿದಾಗ, ಇನ್ನೊಂದು ಸಲ ಹೊಗೆ ಬಿಟ್ಟು ಮುಗಿದಾಗ. ನಮಗೆ ಬೇಕಾದದ್ದು ಮೊದಲನೆಯದು. ಕ್ಯಾಮನ್ನೇ ನೋಡಿ, ಒಂದನೇ ಸಿಲಿಂಡರಿನ ಉಬ್ಬುಗಳು ಟ್ಯಾಪೆಟ್ಟಿನಿಂದ ಆಚೆಗೆ ಮುಖ ಮಾಡಿರಬೇಕು, ಆ ಟ್ಯಾಪೆಟ್‌ಗಳು ಸಡಿಲವಾಗಿ ಅಲುಗಾಡಬೇಕು.

ಅಲ್ಲಿ ನಿಲ್ಲಿಸಿ ಪೇಂಟ್ ಹಚ್ಚಿ. ಸ್ಪ್ರಾಕೆಟ್ಟಿನ ಹಲ್ಲಿಗೆ, ಅದರ ಮೇಲೆ ಕೂತ ಚೈನಿನ ಕೊಂಡಿಗೆ, ಹೆಡ್ಡಿಗೆ. ಕಂಪನಿ ಹಾಕಿದ ಗುರುತು ಇದ್ದರೂ ನಿಮ್ಮದೊಂದು ಇರಲಿ. ಚೈನಿನಲ್ಲಿ ಬಣ್ಣದ ಕೊಂಡಿಗಳಿರುತ್ತವೆ. ಅವು ಸ್ಪ್ರಾಕೆಟ್ಟಿನ ಗುರುತಿನ ಎದುರು ಬರುವುದು ಎಷ್ಟೋ ಸುತ್ತಿಗೊಮ್ಮೆ. ಎರಡು ಸುತ್ತು ತಿರುಗಿಸಿದ ಮೇಲೆ ಸ್ಪ್ರಾಕೆಟ್ ಗುರುತು ವಾಪಸ್ ಬಂತು, ಬಣ್ಣದ ಕೊಂಡಿ ಬರಲಿಲ್ಲ ಅಂತ ಗಾಬರಿಯಾಗಿ ಮತ್ತೆ ಬಿಚ್ಚಿದವರಿದ್ದಾರೆ. ಗಾಬರಿ ಬೇಡ, ಅದು ಹಾಗೇ.

ಆಮೇಲೆ ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್. ಅದನ್ನು ಒಳಕ್ಕೆ ಒತ್ತಿ ಪಿನ್ ಹಾಕಿ ಲಾಕ್ ಮಾಡಬೇಕು, ಇಲ್ಲವೇ ಪೂರ್ತಿ ಬಿಚ್ಚಿ ತೆಗೆಯಬೇಕು. ಯಾವುದು ಅಂತ ಆಯಾ ಗಾಡಿಯ ಪುಸ್ತಕ ಹೇಳುತ್ತದೆ. ಚೈನು ಕೆಳಗೆ ಬೀಳದಂತೆ ತಂತಿಯಲ್ಲಿ ಕಟ್ಟಿ ಮೇಲೆ ಎಲ್ಲಾದರೂ ಸಿಕ್ಕಿಸಿ. ಚೈನ್ ಇಳಿಯುವ ಬಾಯಿಗೆ ಒಂದು ಬಟ್ಟೆ ತುರುಕಿ, ಅಲ್ಲಿ ಬಿದ್ದ ಒಂದು ಬೋಲ್ಟು ಸಂಪ್ (ಕೆಳಗಿನ ಆಯಿಲ್ ತೊಟ್ಟಿ) ಇಳಿಸುವ ಕೆಲಸ ತರುತ್ತದೆ. ಸ್ಪ್ರಾಕೆಟ್ ಬೋಲ್ಟ್ ಸಡಿಲಿಸುವಾಗ ಕ್ಯಾಮಿನ ಮೈಮೇಲೆ ಇರುವ ಆರು ಮೂಲೆಯ ಜಾಗಕ್ಕೆ ಸ್ಪ್ಯಾನರ್ ಹಾಕಿ ಹಿಡಿಯಿರಿ. ಚೈನನ್ನೋ ಬೆಲ್ಟನ್ನೋ ನಂಬಿ ಬಲ ಹಾಕಬೇಡಿ. ಸ್ಪ್ರಾಕೆಟ್ಟಿನಲ್ಲಿ ವಿವಿಟಿ, ಅಂದರೆ ವಾಲ್ವ್ ತೆರೆಯುವ ಹೊತ್ತನ್ನು ಓಡುವಾಗಲೇ ಬದಲಿಸುವ ಡಬ್ಬಿ ಇದ್ದರೆ ನಡುವಿನ ಒಂದು ಬೋಲ್ಟನ್ನು ಮಾತ್ರ ಮುಟ್ಟಿ, ಸುತ್ತಲಿನ ಸಣ್ಣ ಬೋಲ್ಟುಗಳು ಆ ಡಬ್ಬಿಯನ್ನೇ ಬಿಚ್ಚುತ್ತವೆ.

ಇನ್ನು ಕ್ಯಾಪ್‌ಗಳು, ಕ್ಯಾಮನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಮುಚ್ಚಳಗಳು. ಇಲ್ಲಿ ನಾನು ಹೊತ್ತು ತೆಗೆದುಕೊಳ್ಳುತ್ತೇನೆ, ದಯವಿಟ್ಟು ಕೇಳಿ.

2003ರ ಸುಮಾರಿಗೆ ನಾನು ಒಂದು ಟ್ವಿನ್ ಕ್ಯಾಮ್ ಪೆಟ್ರೋಲ್ ಗಾಡಿಯ ಕೆಲಸ ಹಿಡಿದಿದ್ದೆ. ಚನ್ನಗಿರಿ ಕಡೆಯ ಅಡಿಕೆ ತೋಟದವರ ಗಾಡಿ. ಮರುದಿನ ಅವರ ಮನೆಯಲ್ಲಿ ಮದುವೆ. ಸಂಜೆಯೊಳಗೆ ಬೇಕು ಅಂದಿದ್ದರು, ನಾನು ಹೂಂ ಅಂದಿದ್ದೆ. ಆ ಹೂಂ ಅನ್ನುವುದೇ ಮೊದಲ ತಪ್ಪು. ಮುಂದಿನ ಕ್ಯಾಪಿನ ಎರಡು ಬೋಲ್ಟನ್ನು ರ‍್ಯಾಚೆಟ್ಟಿನಲ್ಲಿ ಕಿರ‍್ರನೆ ಪೂರ್ತಿ ಬಿಚ್ಚಿದೆ. ಎರಡನೆಯದನ್ನೂ ಹಾಗೇ. ಮೂರನೆಯದಕ್ಕೆ ಸಾಕೆಟ್ ಇಟ್ಟಿದ್ದೆನಷ್ಟೇ, ಟಪ್ ಅಂತ ಸದ್ದು. ಕ್ಯಾಪು ಅಡ್ಡಕ್ಕೆ ಸೀಳಿತ್ತು.

ಯಾಕೆ ಅಂತ ಹೇಳುತ್ತೇನೆ. ಕ್ಯಾಮ್ ಯಾವ ಜಾಗದಲ್ಲಿ ನಿಂತಿದ್ದರೂ ಅದರ ಕೆಲವು ಉಬ್ಬುಗಳು ವಾಲ್ವನ್ನು ಕೆಳಕ್ಕೆ ಒತ್ತಿರುತ್ತವೆ. ಅಲ್ಲಿ ಸ್ಪ್ರಿಂಗುಗಳು ಹತ್ತಾರು ಕಿಲೋ ಬಲದಲ್ಲಿ ಶಾಫ್ಟನ್ನು ಮೇಲಕ್ಕೆ ತಳ್ಳುತ್ತಿರುತ್ತವೆ. ಎಲ್ಲ ಕ್ಯಾಪುಗಳೂ ಆ ಬಲವನ್ನು ಹಂಚಿಕೊಂಡಿರುತ್ತವೆ. ನಾನು ಮುಂದಿನ ಎರಡನ್ನು ಬಿಟ್ಟೆ, ಶಾಫ್ಟಿನ ಆ ತುದಿ ಮೇಲೆದ್ದಿತು, ಬಲವೆಲ್ಲ ಓರೆಯಾಗಿ ಮೂರನೆಯದರ ಮೇಲೆ ಬಿತ್ತು. ಕ್ಯಾಪು ಅಲ್ಯೂಮಿನಿಯಮ್ಮಿನದು, ತಡೆಯಲಿಲ್ಲ. ಎರಕದ ಶಾಫ್ಟ್ ಆಗಿದ್ದರೆ ಕೆಲವು ಸಲ ಶಾಫ್ಟೇ ಮುರಿಯುತ್ತದೆ.

ಕ್ಯಾಪ್ ಒಂದೇ ಅಲ್ಲವಾ, ಅಂಗಡಿಯಲ್ಲಿ ತಂದು ಹಾಕಿದರಾಯಿತು ಅಂತ ಅವತ್ತು ನಾನೂ ಅಂದುಕೊಂಡೆ. ಹಾಗೆ ಸಿಗುವುದಿಲ್ಲ. ಕಾರ್ಖಾನೆಯಲ್ಲಿ ಕ್ಯಾಪುಗಳನ್ನು ಹೆಡ್ಡಿಗೆ ಬಿಗಿದು ಎಲ್ಲವನ್ನೂ ಒಂದೇ ಗೆರೆಯಲ್ಲಿ ಬೋರ್ ಹೊಡೆದಿರುತ್ತಾರೆ. ಹೆಚ್ಚಿನ ಹೆಡ್ಡುಗಳಲ್ಲಿ ಕ್ಯಾಮಿಗೆ ಬೇರೆ ಬೇರಿಂಗ್ ಇಲ್ಲ, ಹೆಡ್ಡಿನ ಲೋಹವೇ ಬೇರಿಂಗ್. ಹಾಗಾಗಿ ಒಂದು ಹೆಡ್ಡಿನ ಕ್ಯಾಪು ಇನ್ನೊಂದಕ್ಕೆ ಕೂರುವುದಿಲ್ಲ, ಅದೇ ಹೆಡ್ಡಿನ ಎರಡನೆಯದು ಮೂರನೆಯ ಜಾಗಕ್ಕೂ ಕೂರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ದಿನ ಅಲೆದು ಹಳೆಯ ಹೆಡ್ಡೊಂದನ್ನು ಹುಡುಕಿ ತಂದೆ, ನನ್ನ ದುಡ್ಡಿನಲ್ಲಿ. ಮದುವೆ ಬೇರೆ ಗಾಡಿಯಲ್ಲಿ ಆಯಿತು. ತೋಟದ ಯಜಮಾನರು ಬೈಯಲಿಲ್ಲ, "ಇರಲಿ ಬಿಡಪ್ಪ, ಬೇಕಂತ ಮಾಡಿದ್ಯಾ?" ಅಂದರು. ಆ ಮಾತು ನನಗೆ ಇವತ್ತಿಗೂ ಭಾರ.

ಸರಿಯಾದ ಕ್ರಮ ಇದು. ಕ್ಯಾಪಿನ ಮೇಲೆ ನಂಬರು, ಇನ್‌ಟೇಕೋ ಎಕ್ಸಾಸ್ಟೋ ಅನ್ನುವ ಅಕ್ಷರ, ಮುಂದಕ್ಕೆ ತೋರಿಸುವ ಬಾಣ ಇರುತ್ತವೆ. ಇಲ್ಲದಿದ್ದರೆ ನೀವೇ ಬರೆಯಿರಿ. ಸಾಮಾನ್ಯವಾಗಿ ಎರಡು ತುದಿಗಳಿಂದ ಶುರು ಮಾಡಿ ನಡುವಿಗೆ ಬರುತ್ತಾ ಸಡಿಲಿಸಬೇಕು. ಕೆಲವು ಇಂಜಿನ್ನಿಗೆ ಬೇರೆ ಕ್ರಮ ಇದೆ, ಅಲ್ಲಿ ಪುಸ್ತಕದ ಮಾತೇ ಕೊನೆ. ಒಂದೊಂದು ಬೋಲ್ಟಿಗೂ ಕಾಲು ಸುತ್ತು. ಎಲ್ಲ ಮುಗಿದ ಮೇಲೆ ಮತ್ತೆ ಮೊದಲಿನಿಂದ ಕಾಲು ಸುತ್ತು. ಹೀಗೆ ನಾಲ್ಕೈದು ಸಲ ಬಂದರೆ ಶಾಫ್ಟ್ ಮಟ್ಟಸವಾಗಿ, ತೊಟ್ಟಿಲು ಎತ್ತಿದ ಹಾಗೆ, ಎರಡೂ ತುದಿ ಒಟ್ಟಿಗೆ ಮೇಲೆ ಬರುತ್ತದೆ. ಸ್ಪ್ರಿಂಗ್ ಒತ್ತಡ ಮುಗಿದದ್ದು ಕೈಗೇ ತಿಳಿಯುತ್ತದೆ. ಆಮೇಲೆ ಬೋಲ್ಟ್ ಪೂರ್ತಿ ತೆಗೆಯಿರಿ. ಕ್ಯಾಪು ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಪ್ಲಾಸ್ಟಿಕ್ ಸುತ್ತಿಗೆಯಿಂದ ಆಚೀಚೆ ಮೆಲ್ಲಗೆ ತಟ್ಟಿದರೆ ಬಿಡುತ್ತದೆ.

ಟೊಯೋಟಾದ ಕೆಲವು ಇಂಜಿನ್ನುಗಳಲ್ಲಿ ಎರಡು ಕ್ಯಾಮಿನ ನಡುವೆ ಗೇರ್ ಇರುತ್ತದೆ. ಸದ್ದು ಬರಬಾರದು ಅಂತ ಆ ಗೇರನ್ನು ಎರಡು ಪದರ ಮಾಡಿ ನಡುವೆ ಸ್ಪ್ರಿಂಗ್ ಇಟ್ಟಿರುತ್ತಾರೆ. ಕತ್ತರಿ ಥರ ಎದುರಿನ ಹಲ್ಲನ್ನು ಎರಡೂ ಕಡೆಯಿಂದ ಹಿಡಿಯುತ್ತದೆ. ಬಿಚ್ಚುವ ಮೊದಲು ಆ ಎರಡು ಪದರ ಸೇರಿಸಿ ಒಂದು ಸಣ್ಣ ಬೋಲ್ಟ್ ಹಾಕಲೇಬೇಕು. ಮರೆತರೆ ಸ್ಪ್ರಿಂಗ್ ಬಿಚ್ಚಿಕೊಂಡು ಗೇರ್ ಹಲ್ಲುಗಳು ಒಂದರ ಮೇಲೊಂದು ಕೂರುವುದಿಲ್ಲ, ಕ್ಯಾಮ್ ವಾಪಸ್ ಕೂರಿಸಲು ಹೆಣಗಬೇಕಾಗುತ್ತದೆ.

ಕೆಲವು ಸಿಂಗಲ್ ಕ್ಯಾಮ್ ಹೆಡ್ಡುಗಳಲ್ಲಿ ಕ್ಯಾಪೇ ಇಲ್ಲ. ರಾಕರ್ ಶಾಫ್ಟ್ ತೆಗೆದು ಕ್ಯಾಮನ್ನು ಪಕ್ಕದಿಂದ ಎಳೆದುಕೊಳ್ಳಬೇಕು. ಮೆಲ್ಲಗೆ ತಿರುಗಿಸುತ್ತಾ ಎಳೆಯಿರಿ, ಉಬ್ಬಿನ ಅಂಚು ಒಳಗಿನ ಬೋರನ್ನು ಗೀರಿದರೆ ಹೆಡ್ಡಿಗೇ ಏಟು.

ಬಿಚ್ಚಿದ ಸಾಮಾನು ಎಲ್ಲಿಡುತ್ತೀರಿ? ಡಬ್ಬಿಯಲ್ಲಿ ಸುರಿಯುವವರನ್ನು ನೋಡಿದ್ದೇನೆ. ನನ್ನದು ಮೊಟ್ಟೆ ಟ್ರೇ. ಮೊಟ್ಟೆ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಒಂದು ಟ್ರೇ ಇನ್‌ಟೇಕಿಗೆ, ಒಂದು ಎಕ್ಸಾಸ್ಟಿಗೆ. ಮೂಲೆಗೆ ಬಾಣ ಬರೆದು, ಒಂದೊಂದು ಗುಣಿಯಲ್ಲಿ ಒಂದೊಂದು ಟ್ಯಾಪೆಟ್, ಅದರ ಶಿಮ್ ಅದರ ಜೊತೆಗೇ. ಯಾವ ಟ್ಯಾಪೆಟ್ ಯಾವ ಉಬ್ಬಿನ ಕೆಳಗೆ ಸವೆದಿದೆಯೋ ಅಲ್ಲಿಗೇ ವಾಪಸ್ ಹೋಗಬೇಕು. ಹೈಡ್ರಾಲಿಕ್ ಟ್ಯಾಪೆಟ್ ಆದರೆ ಹೆಡ್ಡಿನಲ್ಲಿ ನಿಂತ ಹಾಗೇ ನೆಟ್ಟಗೆ ನಿಲ್ಲಿಸಿ, ಮಲಗಿಸಿದರೆ ಒಳಗಿನ ಆಯಿಲ್ ಸೋರುತ್ತದೆ.

ಒರೆಸುವ ಬಟ್ಟೆಯ ಬಗ್ಗೆ ನಮ್ಮೂರಿನವರಿಗೆ ವಿಶೇಷವಾಗಿ ಒಂದು ಮಾತು. ಮಿಲ್ಲಿನ ಊರು, ಹಾಗಾಗಿ ಇಲ್ಲಿ ಯಾವ ಗ್ಯಾರೇಜಿಗೆ ಹೋದರೂ ಕಾಟನ್ ವೇಸ್ಟ್ ರಾಶಿ ಇರುತ್ತದೆ. ಕೈ ಒರೆಸಿಕೊಳ್ಳಿ, ನೆಲ ಒರೆಸಿ. ಕ್ಯಾಮ್ ಕೂರುವ ಜಾಗಕ್ಕೆ ಮಾತ್ರ ಅದನ್ನು ತರಬೇಡಿ. ಅಲ್ಲಿರುವ ಆಯಿಲ್ ತೂತುಗಳು ಸಣ್ಣವು, ಒಂದೆಳೆ ನೂಲು ಸಾಕು ಮುಚ್ಚುವುದಕ್ಕೆ. ಇಂಜಿನ್ನಿನಲ್ಲಿ ಆಯಿಲ್ ಕೆಳಗಿನ ಸಂಪಿನಿಂದ ಹೊರಟು ಮೇನ್ ಬೇರಿಂಗುಗಳನ್ನು ದಾಟಿ ಕೊನೆಗೆ ಮುಟ್ಟುವುದು ಹೆಡ್ಡಿಗೆ. ಕಾಲುವೆಯ ಕೊನೆಯ ಹೊಲದ ಹಾಗೆ. ಭದ್ರಾ ಕಾಲುವೆಯ ಕೊನೆಯ ಹೊಲದವರ ಕಷ್ಟ ಇಲ್ಲಿ ಕೂತ ಎಷ್ಟೋ ಜನರಿಗೆ ಗೊತ್ತಿದೆ. ಮೊದಲೇ ತಡವಾಗಿ ಬರುವ ಆಯಿಲ್ಲಿಗೆ ನಾವೇ ಅಡ್ಡ ಕಟ್ಟಿದರೆ ಕ್ಯಾಮ್ ಹೆಡ್ಡಿಗೆ ಕಚ್ಚಿಕೊಳ್ಳುತ್ತದೆ. ನೂಲು ಬಿಡದ ಬಟ್ಟೆ ಬಳಸಿ, ಪ್ರತಿ ತೂತಿಗೂ ಗಾಳಿ ಊದಿ.

ಶಾಫ್ಟ್ ಕೈಯಲ್ಲಿದ್ದಾಗಲೇ ಅಳತೆ ತೆಗೆಯಿರಿ. ಉಬ್ಬಿನ ಎತ್ತರಕ್ಕೆ ಮೈಕ್ರೋಮೀಟರ್. ನೆಟ್ಟಗಿದೆಯೇ ನೋಡಲು ವಿ ಬ್ಲಾಕಿನ ಮೇಲಿಟ್ಟು ನಡುವಿನ ಜರ್ನಲ್ಲಿಗೆ (ಶಾಫ್ಟ್ ಹೆಡ್ಡಿನಲ್ಲಿ ಕೂತು ತಿರುಗುವ ದುಂಡು ಭಾಗಕ್ಕೆ) ಡಯಲ್ ಗೇಜ್. ನಿಮ್ಮಲ್ಲಿ ಇಲ್ಲದಿದ್ದರೆ ಲೇಥಿನ ಅಂಗಡಿಗೆ ಹೋಗಿ. ಮೈಸೂರು ಕಿರ್ಲೋಸ್ಕರ್ ಲೇಥ್ ತಯಾರಿಸಿದ ಹರಿಹರ ಪಕ್ಕದಲ್ಲೇ ಇದೆ, ಡಯಲ್ ಗೇಜಿನ ಮುಳ್ಳು ಓದಬಲ್ಲ ಹಿರಿಯ ಟರ್ನರುಗಳು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರೆ. ಅವರ ಹತ್ತಿರ ಕೂತು ಕಲಿಯಿರಿ. ಉಬ್ಬಿನ ಮೇಲೆ ಗುಳಿ ಬಿದ್ದಿದ್ದರೆ, ಉಗುರಿಗೆ ಸಿಗುವಷ್ಟು ಗೀರು ಇದ್ದರೆ ಎಮರಿ ಪೇಪರಿನಲ್ಲಿ ಉಜ್ಜಿ ಮತ್ತೆ ಹಾಕಬೇಡಿ. ಮೇಲಿನ ಗಟ್ಟಿ ಪದರ ಹೋದ ಮೇಲೆ ಅದು ಬೇಗ ಸವೆಯುತ್ತದೆ, ಆ ಪುಡಿಯೆಲ್ಲ ಆಯಿಲ್ಲಿಗೆ ಸೇರುತ್ತದೆ.

ಕೂರಿಸುವಾಗ ಮೊದಲ ಪ್ರಶ್ನೆ ಪಿಸ್ಟನ್ ಎಲ್ಲಿದೆ ಅನ್ನುವುದು. ನಾಲ್ಕು ಸಿಲಿಂಡರಿನಲ್ಲಿ ಒಂದನೆಯದು ಟಾಪಿನಲ್ಲಿದ್ದರೆ ನಾಲ್ಕನೆಯದೂ ಟಾಪಿನಲ್ಲೇ ಇರುತ್ತದೆ. ಆಗ ಕ್ಯಾಮ್ ಒತ್ತಿದರೆ ತೆರೆದ ವಾಲ್ವ್ ಪಿಸ್ಟನ್ನಿಗೆ ತಾಗಬಹುದು. ಅದಕ್ಕೆ ಕೆಲವು ಕಂಪನಿಗಳು ಕ್ರ್ಯಾಂಕನ್ನು ಟಾಪಿನಿಂದ ಇಷ್ಟು ಡಿಗ್ರಿ ಸರಿಸಿ ಆಮೇಲೆ ಕ್ಯಾಮ್ ಬಿಗಿಯಿರಿ ಅನ್ನುತ್ತವೆ. ಕಾಲು ಸುತ್ತು ಸರಿಸಿದರೆ ನಾಲ್ಕೂ ಪಿಸ್ಟನ್ ಹೆಚ್ಚುಕಡಿಮೆ ನಡುವಿನಲ್ಲಿ ನಿಲ್ಲುತ್ತವೆ. ಮೂರು ಸಿಲಿಂಡರಿನಲ್ಲಿ ಹಾಗೆ ಮೂರೂ ಒಂದೇ ಎತ್ತರಕ್ಕೆ ಬರುವುದಿಲ್ಲ, ಅಲ್ಲಿ ಪುಸ್ತಕದ ಗುರುತನ್ನೇ ಹಿಡಿಯಬೇಕು.

ಜರ್ನಲ್ಲಿಗೆ, ಉಬ್ಬಿಗೆ, ಟ್ಯಾಪೆಟ್ ತಲೆಗೆ ಧಾರಾಳವಾಗಿ ಆಯಿಲ್ ಹಚ್ಚಿ. ಇನ್‌ಟೇಕ್ ಯಾವುದು, ಎಕ್ಸಾಸ್ಟ್ ಯಾವುದು ಅಂತ ಎರಡು ಸಲ ನೋಡಿ. ತುದಿಯ ಡೋವೆಲ್ ಪಿನ್ ಯಾವ ದಿಕ್ಕಿಗೆ ಇರಬೇಕು ಅಂತ ಪುಸ್ತಕದಲ್ಲಿರುತ್ತದೆ, ಆ ದಿಕ್ಕಿಗಿಟ್ಟು ಮಲಗಿಸಿ. ಕ್ಯಾಪುಗಳನ್ನು ನಂಬರು, ಬಾಣ ನೋಡಿ ಇಡಿ. ಎಲ್ಲ ಬೋಲ್ಟನ್ನೂ ಮೊದಲು ಬೆರಳಲ್ಲೇ ತಿರುಗಿಸಿ. ಆಮೇಲೆ ನಡುವಿನಿಂದ ತುದಿಗಳ ಕಡೆಗೆ ಕಾಲು ಸುತ್ತು, ಕಾಲು ಸುತ್ತು. ಬಿಚ್ಚಿದ ದಾರಿಯಲ್ಲೇ ಹಿಂದಕ್ಕೆ.

ಟಾರ್ಕ್ ಬಗ್ಗೆ ಒಂದು ಎಚ್ಚರಿಕೆ. ಕ್ಯಾಪಿನ ಬೋಲ್ಟುಗಳು ಹೆಚ್ಚಾಗಿ 6 ಎಂಎಂನವು, ಅವಕ್ಕೆ ಬೇಕಾದದ್ದು ಸುಮಾರು 10ರಿಂದ 12 ನ್ಯೂಟನ್ ಮೀಟರ್, ಅಷ್ಟೇ. ಚಕ್ರದ ನಟ್ಟಿಗೆ ಬಳಸುವ ದೊಡ್ಡ ಟಾರ್ಕ್ ರೆಂಚಿಗೆ ಇದು ತಿಳಿಯುವುದೇ ಇಲ್ಲ, ಅದು ಕ್ಲಿಕ್ ಅನ್ನುವ ಮೊದಲೇ ಹೆಡ್ಡಿನ ಆಟೆ (ಥ್ರೆಡ್) ಕಿತ್ತು ಬಂದಿರುತ್ತದೆ. ಸಣ್ಣ ರೆಂಚ್ ಕೊಳ್ಳಿ. ಕೆಲವು ಪುಸ್ತಕದಲ್ಲಿ ಕೆಜಿ ಮೀಟರ್ ಲೆಕ್ಕ ಇರುತ್ತದೆ. ಒಂದು ಕೆಜಿ ಮೀಟರ್ ಅಂದರೆ 9.8 ನ್ಯೂಟನ್ ಮೀಟರ್. 1.1 ಅಂತ ಬರೆದದ್ದನ್ನು ನಡುವಿನ ಚುಕ್ಕಿ ಕಾಣದೆ 11 ಅಂತ ಓದಿ, ಕೆಜಿ ಮೀಟರಿನಲ್ಲೇ ಬಿಗಿದರೆ ಬೋಲ್ಟ್ ಕತ್ತರಿಸುತ್ತದೆ.

ಸೀಲಂಟ್ ಕಡಿಮೆ ಹಚ್ಚಿ. ಎಲ್ಲಿ ಹೇಳಿದ್ದಾರೋ ಅಲ್ಲಿ, ಹೇಳಿದಷ್ಟು. ಹೊರಗೆ ಉಬ್ಬಿ ಕಾಣುವಷ್ಟೇ ಒಳಗೂ ಉಬ್ಬಿರುತ್ತದೆ, ಆ ತುಂಡು ಕಿತ್ತುಕೊಂಡು ಸಂಪಿನ ಜಾಲರಿಗೆ ಹೋಗಿ ಕೂರುತ್ತದೆ.

ಎಲ್ಲ ಬಿಗಿದು, ಚೈನ್ ಹಾಕಿ, ಟೆನ್ಷನರ್ ಬಿಟ್ಟ ಮೇಲೆ ಸೆಲ್ಫ್ ಹೊಡೆಯಬೇಡಿ. ಹೈಡ್ರಾಲಿಕ್ ಟ್ಯಾಪೆಟ್ ಆದರೆ ಕ್ಯಾಮ್ ಬಿಗಿದು ಅರ್ಧ ಗಂಟೆ ಸುಮ್ಮನೆ ಬಿಡಿ, ಟೀ ಕುಡಿದು ಬನ್ನಿ. ಒಳಗೆ ತುಂಬಿದ ಆಯಿಲ್ ನಿಧಾನ ಇಳಿಯಬೇಕು, ಇಲ್ಲದಿದ್ದರೆ ವಾಲ್ವ್ ತೆರೆದೇ ಇರುತ್ತದೆ. ಆಮೇಲೆ ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿ. ಅದು ಪಿಸ್ಟನ್ ವಾಲ್ವನ್ನು ಮುಟ್ಟಿದ ಗುರುತು. ಕೈಯಲ್ಲಿ ಮುಟ್ಟಿದರೆ ಏನೂ ಆಗಿರುವುದಿಲ್ಲ, ಸೆಲ್ಫಿನಲ್ಲಿ ಮುಟ್ಟಿದರೆ ವಾಲ್ವ್ ಹೋಯಿತು. ಎರಡು ಸುತ್ತಿಗೆ ಗುರುತುಗಳು ವಾಪಸ್ ಕೂಡಿದರೆ ಟ್ಯಾಪೆಟ್ ಗ್ಯಾಪ್ ನೋಡಿ, ಬರೆದಿಡಿ. ಕವರ್ ಹಾಕಿ. ಮೊದಲು ಇಂಜೆಕ್ಟರಿನ ಕರೆಂಟ್ ತೆಗೆದು ಒಂದಿಷ್ಟು ಕ್ರ್ಯಾಂಕ್ ಮಾಡಿ, ಆಯಿಲ್ ಮೇಲಕ್ಕೆ ಏರಲಿ.

ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ದಾಖಲಿಸುತ್ತೇನೆ. ಹಿಂದೆ ನಿಂತ ಮೇಸ್ತ್ರಿಯೊಬ್ಬರು, "ಅಣ್ಣ, ಇಷ್ಟು ನಿಧಾನ ಮಾಡಿದ್ರೆ ದಿನಕ್ಕೆ ಒಂದೇ ಗಾಡಿ ಆಗ್ತದೆ, ಗಿರಾಕಿ ಕೊಡೋ ದುಡ್ಡು ಸಾಲ್ತದಾ?" ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಬೋಲ್ಟ್ ಪೂರ್ತಿ ಬಿಚ್ಚುವುದಕ್ಕೂ ಕಾಲು ಕಾಲು ಸುತ್ತು ಬಿಚ್ಚುವುದಕ್ಕೂ ಇರುವ ವ್ಯತ್ಯಾಸ ಹದಿನೈದು ನಿಮಿಷ. ಆ ಹದಿನೈದು ನಿಮಿಷಕ್ಕೂ ಸೇರಿಸಿ ಕೂಲಿ ಕೇಳಿ. ಏನು ಮಾಡುತ್ತೀರಿ, ಯಾಕೆ ಹೊತ್ತು ಬೇಕು ಅಂತ ಗಿರಾಕಿಗೆ ಮೊದಲೇ ತಿಳಿಸಿ ಹೇಳಿ. ನಾನು 2003ರ ನಂತರ ಸಂಜೆಯೊಳಗೆ ಅಂತ ಯಾರಿಗೂ ಮಾತು ಕೊಟ್ಟಿಲ್ಲ. ಗಿರಾಕಿಗಳು ಕಡಿಮೆಯಾಗಿಲ್ಲ.

ಐಟಿಐ ಹುಡುಗಿಯೊಬ್ಬಳು, "ಸರ್, ಚೈನ್ ಇರೋ ಗಾಡಿಗೆ ಏನೂ ಮಾಡೋದು ಬೇಡ ಅಂತಾರೆ, ನಿಜಾನಾ?" ಅಂತ ಕೇಳಿದಳು. ಬೆಲ್ಟಿಗೆ ಇಷ್ಟು ಕಿಲೋಮೀಟರ್ ಅಂತ ಗಡುವು ಇರುತ್ತದಮ್ಮ, ಚೈನಿಗೆ ಹೆಚ್ಚಾಗಿ ಇರುವುದಿಲ್ಲ, ಅದು ನಿಜ. ಆದರೆ ಚೈನ್ ಬದುಕುವುದೂ, ಹೆಚ್ಚಿನ ಗಾಡಿಗಳಲ್ಲಿ ಟೆನ್ಷನರ್ ಒತ್ತಿ ಹಿಡಿಯುವುದೂ ಆಯಿಲ್ಲಿನಿಂದಲೇ. ಆಯಿಲ್ ಕೆಟ್ಟು ಕೆಸರಾದರೆ ಚೈನ್ ಸವೆದು ಉದ್ದವಾಗುತ್ತದೆ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಗಲಗಲ ಸದ್ದು ಬರುತ್ತದೆ. ಆ ಸದ್ದು ಕೇಳಿದ ಮೇಲೂ ಓಡಿಸಿದರೆ ಒಂದು ದಿನ ಹಲ್ಲು ಹಾರುತ್ತದೆ.

ಸರಿ, ಮಾತು ಇಲ್ಲಿಗೆ ನಿಲ್ಲಿಸುತ್ತೇನೆ. ಮೇಜಿನ ಮೇಲೆ ಎರಡು ಹೆಡ್ಡುಗಳಿವೆ, ಎರಡಕ್ಕೂ ಕ್ಯಾಮ್ ಬಿಗಿದೇ ಇದೆ. ಎಡಗಡೆಯದರ ಮೂರನೇ ಕ್ಯಾಪು ಸೀಳಿದೆ, ಅದು ಅದೇ ಮದುವೆ ಮನೆಯವರ ಗಾಡಿಯದು, ನೋಡುವುದಕ್ಕೆ ಮಾತ್ರ. ಬಲಗಡೆಯದನ್ನು ನೀವು ಬಿಚ್ಚಿ. ನಾಲ್ಕು ನಾಲ್ಕು ಜನ ಬನ್ನಿ, ಪೇಂಟ್ ಡಬ್ಬಿ ಟ್ರೇ ಪಕ್ಕದಲ್ಲಿದೆ, ರ‍್ಯಾಚೆಟ್ ನನ್ನ ಹತ್ತಿರ ಇರಲಿ.